ಐರಿಸ್ ಡೇಟಾಸೆಟ್‌ನ ಮೂರು ಹೂಗಳು ನಿಜಕ್ಕೂ ಹೇಗೆ ನೆಂಟರು?

ಡೇಟಾಹುಳ:
ಎಲ್ಲರಿಗೂ ನಮಸ್ಕಾರ. ಮೆಷಿನ್ ಲರ್ನಿಂಗ್ ಕಲಿಯುವವರೆಲ್ಲ ಐರಿಸ್ ಡೇಟಾಸೆಟ್ ನೋಡಿಯೇ ಇರುತ್ತೀರಿ. ಸೆಟೋಸಾ, ವರ್ಸಿಕಲರ್, ವರ್ಜಿನಿಕಾ, ತಲಾ 50 ಹೂವಿನ ಅಳತೆ. ಸೆಟೋಸಾ ಸಲೀಸಾಗಿ ಬೇರೆ ನಿಲ್ಲುತ್ತದೆ, ಉಳಿದೆರಡು ಮಾತ್ರ ಅಂಚಿನಲ್ಲಿ ಕಲಸಿಹೋಗುತ್ತವೆ. ಇದು ಸುಮ್ನೆ ಅಳತೆಯ ಹೋಲಿಕೆಯಾ, ಇಲ್ಲ ಅವೆರಡೂ ಹತ್ತಿರದ ನೆಂಟರಾ? ಅಳತೆ ಹೋಲುವ ಹೂಗಳನ್ನು ಗುಂಪು ಮಾಡುವ ಕ್ಲಸ್ಟರಿಂಗ್‌ನಲ್ಲಿ ಬರುವ ಮರದ ಚಿತ್ರವನ್ನೇ ವಂಶವೃಕ್ಷ ಅಂತ ಓದಬಹುದಾ? ಡಿಎನ್‌ಎ ಏನು ಹೇಳುತ್ತದೆ ಅಂತ ಗೊತ್ತಿರುವವರು ತಿಳಿಸಿ.

ಕಾಡುಹೂ:
ಹಾಗೆ ಓದಬೇಡಿ. ಎಸಳಿನ ಉದ್ದ ಅಗಲ ಮಣ್ಣು, ನೀರು, ಬಿಸಿಲಿಗೂ ಬದಲಾಗುತ್ತದೆ. ಆದರೆ ನಿಮ್ಮ ಅನುಮಾನ ಸರಿಯಾಗಿದೆ. ವರ್ಜಿನಿಕಾ ಮತ್ತು ಸೆಟೋಸಾ ವಂಶದ ಗಿಡಗಳು ಕೂಡಿ ಹುಟ್ಟಿದ್ದೇ ವರ್ಸಿಕಲರ್!

ಆ ಹೂಗಳನ್ನು ಅಳೆದವರು ಎಡ್ಗರ್ ಆಂಡರ್ಸನ್ ಎಂಬ ಸಸ್ಯವಿಜ್ಞಾನಿ. ಸೆಟೋಸಾ, ವರ್ಸಿಕಲರ್ ಎರಡನ್ನೂ ಕೆನಡಾದ ಗ್ಯಾಸ್ಪೆ ಪರ್ಯಾಯದ್ವೀಪದ ಒಂದೇ ಹುಲ್ಲುಗಾವಲಲ್ಲಿ, ಒಂದೇ ದಿನ ಕಿತ್ತು ಅಳೆದಿದ್ದರು. ಈ ಹುಟ್ಟಿನ ಕಥೆಯನ್ನು 1936ರಲ್ಲಿ ಮುಂದಿಟ್ಟವರೂ ಅವರೇ. ಕ್ರೋಮೋಸೋಮ್ (ಜೀನ್‌ಗಳನ್ನು ಹೊತ್ತ ವರ್ಣತಂತು) ಲೆಕ್ಕ ನೋಡಿ: ಸೆಟೋಸಾದಲ್ಲಿ 38, ವರ್ಜಿನಿಕಾದಲ್ಲಿ 70, ವರ್ಸಿಕಲರ್‌ನಲ್ಲಿ 108. ಪರಾಗ, ಅಂಡ ಎರಡರಲ್ಲೂ ಅರ್ಧರ್ಧ ಇರುತ್ತದೆ, ಅಂದರೆ 19 ಮತ್ತು 35. ಕೂಡಿದರೆ 54. ಇಂಥ ಮಿಶ್ರ ಗಿಡದ ಕ್ರೋಮೋಸೋಮ್‌ಗಳಿಗೆ ಸರಿಯಾದ ಜೋಡಿ ಸಿಗುವುದಿಲ್ಲ, ಬೀಜ ಕಟ್ಟುವುದು ಕಷ್ಟ. ಪೂರ್ತಿ ಸೆಟ್ ಇಮ್ಮಡಿಯಾಗಿ 108 ಆದ ಮೇಲೆ ಪ್ರತಿಯೊಂದಕ್ಕೂ ಜೋಡಿ ಸಿಕ್ಕಿತು, ಹೊಸ ಪ್ರಭೇದ ನೆಲೆ ನಿಂತಿತು. ಈ ಅಳತೆಗಳನ್ನು ಬಳಸಿಕೊಂಡ ಸಂಖ್ಯಾಶಾಸ್ತ್ರಜ್ಞ ಫಿಶರ್ ಅದೇ 1936ರ ತಮ್ಮ ಪ್ರಬಂಧದಲ್ಲಿ ಈ ಊಹೆಯನ್ನೂ ಪರೀಕ್ಷೆಗೆ ಹಚ್ಚಿದ್ದರು. ವರ್ಸಿಕಲರ್‌ನಲ್ಲಿ ವರ್ಜಿನಿಕಾದ ಪಾಲು ಜಾಸ್ತಿ ಇರುವುದರಿಂದ ಅಳತೆಯಲ್ಲೂ ಅದು ಆ ಕಡೆಗೇ ವಾಲಬೇಕು ಅಲ್ವಾ? ನಿಮ್ಮ ಗ್ರಾಫ್‌ನಲ್ಲಿ ಕಾಣುತ್ತಿರುವುದು ಅದೇ.

ಡೇಟಾಹುಳ:
ಇಷ್ಟು ದಿನ ಬರೀ ನಾಲ್ಕು ಕಾಲಮ್ ಅಂತ ನೋಡುತ್ತಿದ್ದೆ, ತುಂಬಾ ಥ್ಯಾಂಕ್ಸ್ ಸರ್. ಹಾಗಾದರೆ ಯಾವುದಾದರೂ ಒಂದು ಜೀನ್ ಓದಿ ಮರ ಕಟ್ಟಿದರೆ ಇದೆಲ್ಲ ಕಾಣುತ್ತದಾ?

ಬೇರುಚಿಗುರು:
ಒಂದೇ ಜೀನ್ ನಂಬಿದರೆ ಮೋಸ ಹೋಗುತ್ತೀರಿ, ಅದಕ್ಕೆ ವರ್ಸಿಕಲರ್‌ಗಿಂತ ಒಳ್ಳೆ ಉದಾಹರಣೆ ಬೇಕಿಲ್ಲ. 2007ರಲ್ಲಿ ಬಂದ ಅಧ್ಯಯನದಲ್ಲಿ ಪೋಷಕರ ಡಿಎನ್‌ಎಗೆ ಹೊಳೆಯುವ ಬಣ್ಣ ಕಟ್ಟಿ, ವರ್ಸಿಕಲರ್‌ನ ಕ್ರೋಮೋಸೋಮ್‌ಗಳ ಮೇಲೆ ಅದು ಎಲ್ಲಿ ಅಂಟುತ್ತದೆ ಅಂತ ನೋಡಿದರು. ಎರಡೂ ಕಡೆಯ ಕ್ರೋಮೋಸೋಮ್‌ಗಳು ಪೂರ್ತಿ ಸಿಕ್ಕವು, ಆಂಡರ್ಸನ್ ಹೇಳಿದ್ದು ಖಾತ್ರಿಯಾಯಿತು. ಆದರೆ ರೈಬೋಸೋಮ್ (ಜೀವಕೋಶದಲ್ಲಿ ಪ್ರೋಟೀನ್ ಕಟ್ಟುವ ಭಾಗ) ಜೀನ್‌ಗಳ ದೊಡ್ಡ ಗುಂಪಿನಲ್ಲಿ ಸೆಟೋಸಾದಿಂದ ಬರಬೇಕಿದ್ದ ಪ್ರತಿಗಳು ಅಳಿಸಿಹೋಗಿದ್ದವು, ಉಳಿದದ್ದೆಲ್ಲ ವರ್ಜಿನಿಕಾದ್ದು. ಗಿಡಗಳ ವಂಶವೃಕ್ಷ ಕಟ್ಟುವವರು ಮೊದಲು ಕೈ ಹಾಕುವುದೇ ಈ ಜೀನ್‌ಗಳಿಗೆ! ಅದೊಂದನ್ನೇ ಓದಿದ್ದರೆ ಸೆಟೋಸಾದ ಸುಳಿವೇ ಸಿಗುತ್ತಿರಲಿಲ್ಲ. ಕ್ಲೋರೋಪ್ಲಾಸ್ಟ್ (ಎಲೆಯ ಹಸಿರು ಕಣ) ಡಿಎನ್‌ಎಯದೂ ಇದೇ ಕಥೆ. ಐರಿಸ್‌ನಲ್ಲಿ ಅದು ಸಾಮಾನ್ಯವಾಗಿ ತಾಯಿ ಗಿಡದಿಂದ ಬರುತ್ತದೆ, ತಂದೆ ಯಾರು ಅಂತ ಹೇಳುವುದಿಲ್ಲ.

ಹಾಗಾಗಿ ಬೇರೆ ಬೇರೆ ಕ್ರೋಮೋಸೋಮ್‌ಗಳಿಂದ ತುಂಬಾ ಜೀನ್ ತೆಗೆದುಕೊಂಡು, ಒಂದೊಂದಕ್ಕೂ ಮರ ಕಟ್ಟಿ, ಎಲ್ಲಿ ಜಗಳ ಬರುತ್ತದೆ ಅಂತ ನೋಡಬೇಕು. ಆ ಜಗಳವನ್ನು ಗದ್ದಲ ಅಂತ ಎಸೆಯಬೇಡಿ, ಮಿಶ್ರಣದ ಸಾಕ್ಷಿ ಇರುವುದೇ ಅಲ್ಲಿ. ಕವಲೊಡೆದ ಕೊಂಬೆಗಳು ಮತ್ತೆ ಕೂಡುವಂಥ ಜಾಲದ ಚಿತ್ರವೇ ಇಲ್ಲಿ ಸರಿ.

ಕಾಡುಹೂ:
ಒಂದು ಸೇರಿಸುತ್ತೇನೆ. ಕ್ರೋಮೋಸೋಮ್ ಇಮ್ಮಡಿಯಾಗದೆಯೂ ಹೊಸ ಪ್ರಭೇದ ಹುಟ್ಟಬಹುದು. ಅಮೆರಿಕದ ಲೂಸಿಯಾನಾದಲ್ಲಿ ಅಬೆವಿಲ್ ಊರಿನ ಹತ್ತಿರದ ಜೌಗಿನಲ್ಲಿ ಐರಿಸ್ ನೆಲ್ಸೋನಿಯೈ ಇದೆ. ನೋಡಲು ಕೆಂಪು ಹೂವಿನ ಐರಿಸ್ ಫಲ್ವಾ ಥರವೇ. ಜೀವವಿಜ್ಞಾನಿ ಮೈಕಲ್ ಆರ್ನಾಲ್ಡ್ ಅವರ ತಂಡ 1990ರ ದಶಕದಲ್ಲಿ ಡಿಎನ್‌ಎ ನೋಡಿದಾಗ ಹೆಚ್ಚಿನ ಪಾಲು ಫಲ್ವಾದ್ದೇ ಇತ್ತು, ಜೊತೆಗೆ ಹೆಕ್ಸಾಗೋನಾ ಮತ್ತು ಬ್ರೆವಿಕಾಲಿಸ್ ಎಂಬ ಬೇರೆ ಐರಿಸ್‌ಗಳ ಗುರುತುಗಳೂ ಸಿಕ್ಕವು. ಇಂಥ ಕಡೆ ಕ್ರೋಮೋಸೋಮ್ ಎಣಿಸಿದರೆ ಏನೂ ಗೊತ್ತಾಗುವುದಿಲ್ಲ, ಡಿಎನ್‌ಎ ಗುರುತುಗಳನ್ನೇ ಹುಡುಕಬೇಕು. ಈ ಗಿಡ ಸಿಗುವ ಜಾಗ ತೀರಾ ಚಿಕ್ಕದು, ಆ ಜೌಗು ಉಳಿಯಲೇಬೇಕು.