ಪೈಥಾನ್ 2ರಿಂದ 3ಕ್ಕೆ ಬಂದ ಮೇಲೆ ಕೆಲವು ಬಿಲ್ಲಿನಲ್ಲಿ ಮಾತ್ರ ಒಂದು ರೂಪಾಯಿ ಕಮ್ಮಿ

ಮಂಡಕ್ಕಿ ಮೆಣಸಿನಕಾಯಿ, ದಾವಣಗೆರೆ:
ನಮ್ಮ ಮಾವನವರದು ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿ. ಬಿಲ್ ಹಾಕಲು ಅವರಿಗೆ 2013ರಲ್ಲಿ ಪೈಥಾನ್ 2.7ರಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಮೊನ್ನೆ ಹಳೇ ಕಂಪ್ಯೂಟರ್ ಕೈಕೊಟ್ಟಿತು. ಹೊಸದರಲ್ಲಿ 3.12 ಹಾಕಿ, ಕೋಡ್ ಮೇಲೆ 2ಟು3 (ಪೈಥಾನ್ 2ರ ಕೋಡನ್ನು 3ಕ್ಕೆ ಬದಲಿಸಿಕೊಡುವ ಪ್ರೋಗ್ರಾಂ) ಓಡಿಸಿದೆ. ಪ್ರಿಂಟ್‌ಗೆಲ್ಲ ಬ್ರಾಕೆಟ್ ಬಂತು, ಎರರ್ ಒಂದೂ ಇಲ್ಲ. ಖುಷಿಯಾಗಿ ಮನೆಗೆ ಬಂದೆ.

ಮರುದಿನ ಮಾವನ ಫೋನು. 1275 ಕೆಜಿ ಮಾಲಿಗೆ 50 ಕೆಜಿಯ ಚೀಲ 25 ಅಂತ ಬರಬೇಕು, 25.5 ಬರುತ್ತಿದೆ. ಅದಿರಲಿ, ಹಮಾಲಿ ಚೀಲಕ್ಕೆ ಏಳೂವರೆ ರೂಪಾಯಿಯಂತೆ 55 ಚೀಲಕ್ಕೆ ಮೊದಲು 413 ಆಗುತ್ತಿತ್ತು, ಈಗ 412. ಆದರೆ 57 ಚೀಲಕ್ಕೆ ಮೊದಲಿನ ಹಾಗೇ 428! ತಲೆ ಕೆಟ್ಟಿದೆ.

ಕೋಟೆ ಕಡೆಯವನು, ಚಿತ್ರದುರ್ಗ:
ಚೀಲದ್ದು ಸುಲಭ ಸಾರ್. 2ರಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಉಳಿದದ್ದನ್ನು ಬಿಟ್ಟುಬಿಡುತ್ತಿತ್ತು. 3ರಲ್ಲಿ ಒಂದು ಓರೆಗೆರೆ ಹಾಕಿದರೆ ದಶಾಂಶವೇ ಬರುತ್ತದೆ. ಅಲ್ಲಿ // ಹಾಕಿ. 2ಟು3 ಇದನ್ನು ಮುಟ್ಟುವುದಿಲ್ಲ. ನೀವು ಪೂರ್ಣಾಂಕ ಕೊಟ್ಟಿದ್ದೀರೋ ದಶಾಂಶವೋ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು, ಅಲ್ವಾ?

ರೂಪಾಯಿಯದು ರೌಂಡ್ ಮಾಡಿದ ಕೆಲಸ. 55 ಚೀಲಕ್ಕೆ 412.50. ಹಳೆಯದು ಅರ್ಧ ಬಂದರೆ ಮೇಲಕ್ಕೆ ಏರಿಸುತ್ತಿತ್ತು. ಹೊಸದು ಸರಿಯಾಗಿ ಅರ್ಧ ಬಂದರೆ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ, ಅಂದರೆ 412. 57 ಚೀಲಕ್ಕೆ 427.50. ಅಲ್ಲಿ ಸಮಸಂಖ್ಯೆ 428, ಅದಕ್ಕೇ ಎರಡೂ ಒಂದೇ ಬಂತು. ಇದು ದೋಷವಲ್ಲ, ಬೇಕಂತಲೇ ಮಾಡಿದ್ದು. ಆದರೆ ಹಮಾಲರ ಮುಂದೆ ಹಾಗೆ ಹೇಳೋಕೆ ಆಗಲ್ಲ.

ದಶಾಂಶ ಲೆಕ್ಕಕ್ಕೆಂದೇ ಪೈಥಾನ್‌ನಲ್ಲಿರುವ ಡೆಸಿಮಲ್ ಮಾಡ್ಯೂಲ್ ತಗೊಂಡು, ಅರ್ಧ ಬಂದರೆ ಮೇಲಕ್ಕೇರಿಸುವ ರೌಂಡ್_ಹಾಫ್_ಅಪ್ ಬಳಸಿ. ದರವನ್ನು ಫ್ಲೋಟ್ (ಪೈಥಾನ್‌ನ ಮಾಮೂಲಿ ದಶಾಂಶ ಸಂಖ್ಯೆ) ಮಾಡದೆ, ಇನ್‌ಪುಟ್ ಕೊಟ್ಟ ಸ್ಟ್ರಿಂಗನ್ನೇ, ಅಂದರೆ ಟೈಪ್ ಮಾಡಿದ ಪಠ್ಯವನ್ನೇ, ನೇರವಾಗಿ ಡೆಸಿಮಲ್‌ಗೆ ಹಾಕಿ. ಅಂದ ಹಾಗೆ, 3.13ರಿಂದ 2ಟು3 ಪೈಥಾನ್ ಜೊತೆ ಬರುವುದೇ ಇಲ್ಲ. ನೀವು 3.12 ಹಾಕಿದ್ದು ಒಳ್ಳೇದಾಯ್ತು.

ಮಂಡಕ್ಕಿ ಮೆಣಸಿನಕಾಯಿ:
ಎರಡೂ ಸರಿಹೋಯಿತು ಅಣ್ಣಾ! ಈಗ ಇನ್ನೊಂದು. ರೈತರ ಹೆಸರಿನ ಫೈಲ್ ಓದುವಾಗ ಯೂನಿಕೋಡ್ ಡಿಕೋಡ್ ಎರರ್ ಅಂತ ನಿಲ್ಲುತ್ತಿದೆ. ಹೆಸರೆಲ್ಲ ಕನ್ನಡದಲ್ಲಿವೆ.

ಕೋಟೆ ಕಡೆಯವನು:
ವಿಂಡೋಸ್ ತಾನೇ? ಅಲ್ಲಿ 3.12 ಫೈಲ್ ತೆರೆಯುವಾಗ ಸಿಸ್ಟಮ್‌ನ ಹಳೇ ಎನ್‌ಕೋಡಿಂಗ್ (ಅಕ್ಷರಗಳನ್ನು ಸಂಖ್ಯೆಯಾಗಿ ಇಡುವ ಪದ್ಧತಿ) ಹಿಡಿಯುತ್ತದೆ. ಅದಕ್ಕೆ ನಮ್ಮ ಅಕ್ಷರ ಗೊತ್ತಿಲ್ಲ. ಓಪನ್ ಮಾಡುವಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬರೆಯಿರಿ. ಮೊದಲ ಹೆಸರಿನ ಮುಂದೆ ಏನೋ ಕಸ ಅಂಟಿಕೊಂಡು ಬಂದರೆ ಯುಟಿಎಫ್-8-ಸಿಗ್ ಹಾಕಿ ನೋಡಿ. ಬರೆಯುವ ಕಡೆಯೂ ಮರೀಬೇಡಿ.

ಇನ್ನೊಂದು ಮಾತು. ಹಳೇ ಬಿಲ್ಲಿನ ಪ್ರಿಂಟ್ ಇದ್ದರೆ ಒಂದೈವತ್ತು ತೆಗೆದು, ಅದೇ ತೂಕ ಕೊಟ್ಟು ತಾಳೆ ನೋಡಿ. ಎರರ್ ಕೊಡುವ ತಪ್ಪು ಕಣ್ಣಿಗೆ ಬೀಳುತ್ತೆ, ಸುಮ್ನೆ ಇರೋ ತಪ್ಪು ಬೀಳಲ್ಲ.

ಮಂಡಕ್ಕಿ ಮೆಣಸಿನಕಾಯಿ:
ಹೆಸರು ಬಂದವು. ಮಾವ ಹಳೇ ಬಿಲ್ ಒಂದೂ ಎಸೆದಿಲ್ಲ, ಅಟ್ಟದ ಮೇಲೆ ಮೂರು ಚೀಲ ಇವೆ. ಭಾನುವಾರ ಇಳಿಸುತ್ತೇನೆ.