ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ನಿಜಕ್ಕೂ ಲಾಭ ಇದೆಯಾ?

ಜಯನಗರದವಳು:
ನಮ್ಮ ವಾಕಿಂಗ್ ಗುಂಪಿಗೆ ಹೊಸ ಹುಚ್ಚು ಹಿಡಿದಿದೆ. ಬೆಳಿಗ್ಗೆ ಪಾರ್ಕಿಗೆ ಬಂದವರೆಲ್ಲ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಓಡಾಡುತ್ತಾರೆ. ಅರ್ಥಿಂಗ್ ಅಂತೆ, ಭೂಮಿಯಿಂದ ಎಲೆಕ್ಟ್ರಾನ್ ಮೈಗೆ ಹತ್ತಿ ಊತ, ಬಿಪಿ, ನಿದ್ದೆ ಬಾರದಿರುವುದು ಎಲ್ಲ ಸರಿಹೋಗುತ್ತದಂತೆ. ಒಬ್ಬರಂತೂ ಹಾಸಿಗೆ ಮೇಲೆ ಹಾಸಿ ಪ್ಲಗ್ಗಿಗೆ ಸಿಕ್ಕಿಸುವ ಚಾಪೆ ಬೇರೆ ತರಿಸಿದ್ದಾರೆ. ನನಗೆ ಹಿಮ್ಮಡಿ ನೋವಿದೆ, ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಜೀವ ಹೋಗುತ್ತದೆ. ಅಮ್ಮನಿಗೆ ಶುಗರ್ ಇದೆ, ಅವರೂ ಬರುತ್ತೇನೆ ಅನ್ನುತ್ತಿದ್ದಾರೆ. ನಡೆಯಬಹುದಾ?

ಬರಿಗಾಲ_ಓಟಗಾರ:
ಖಂಡಿತ ನಡೆಯಿರಿ. ಇದೇನು ಇವತ್ತಿನ ಫ್ಯಾಷನ್ ಅಲ್ಲ, ಜರ್ಮನಿಯಲ್ಲಿ ಸೆಬಾಸ್ಟಿಯನ್ ಕ್ನೈಪ್ ಅನ್ನುವ ಪಾದ್ರಿ 19ನೇ ಶತಮಾನದಲ್ಲೇ ರೋಗಿಗಳನ್ನು ಇಬ್ಬನಿ ಬಿದ್ದ ಹುಲ್ಲಿನ ಮೇಲೆ ನಡೆಸುತ್ತಿದ್ದರು. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲೇ ಓಡಿ ಚಿನ್ನ ಗೆದ್ದ. ಪಾದದೊಳಗಿನ ಸಣ್ಣ ಸಣ್ಣ ಸ್ನಾಯುಗಳಿಗೆ ಶೂ ಒಳಗೆ ಕೆಲಸವೇ ಇರುವುದಿಲ್ಲ, ಶೂ ಬಿಚ್ಚಿ ನಡೆದರೆ ಅವು ಗಟ್ಟಿಯಾಗುತ್ತವೆ.

ತೀರ್ಥಹಳ್ಳಿ_ಕಡೆಯವ:
ಅದೇ ಬಿಕಿಲಾ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡು ಇನ್ನೂ ಬೇಗ ಓಡಿ ಗೆದ್ದ ಮಾರಾಯ್ರೆ, ಅದನ್ನು ಯಾರೂ ಹೇಳುವುದಿಲ್ಲ 😀

ಊರಲ್ಲಿ ನಮ್ಮ ಅಜ್ಜ ಅಜ್ಜಿ ಎಲ್ಲ ಬರಿಗಾಲಲ್ಲೇ ತೋಟ ಗದ್ದೆ ಸುತ್ತಿದವರು, ಆರೋಗ್ಯಕ್ಕೆ ಅಂತ ಅಲ್ಲ, ಚಪ್ಪಲಿ ಇರಲಿಲ್ಲ ಅಂತ. ಕಾಲಲ್ಲಿ ಆಣಿ, ಬಿರುಕು, ಮುಳ್ಳು ಕೀವಾಗುವುದು ಮಾಮೂಲಿ. ಕೊಕ್ಕೆಹುಳುವಿನ ಮರಿ ಒದ್ದೆ ಮಣ್ಣಿಂದ ಅಂಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ, ರಕ್ತದಲ್ಲಿ ಶ್ವಾಸಕೋಶ ಸೇರಿ, ಅಲ್ಲಿಂದ ಗಂಟಲಿಗೆ ಬಂದು, ಉಗುಳಿನ ಜೊತೆ ಕರುಳಿಗಿಳಿದು ಅಲ್ಲೇ ರಕ್ತ ಹೀರುತ್ತಾ ಕೂರುತ್ತದೆ. ಬಯಲಿಗೆ ಹೋಗುವ ಅಭ್ಯಾಸ ಇದ್ದ ಊರುಗಳಲ್ಲಿ ರಕ್ತಹೀನತೆಗೆ ಇದೂ ಒಂದು ಕಾರಣ. ನಿಮ್ಮ ಪಾರ್ಕಲ್ಲಿ ಆ ಭಯ ಕಮ್ಮಿ, ಆದರೆ ನಾಯಿಗಳು ಹೊಲಸು ಮಾಡುವ ಹುಲ್ಲಾದರೆ ನಾಯಿಯ ಹುಳು ಚರ್ಮದೊಳಗೇ ಹರಿದಾಡಿ ಕೆಂಪು ಗೆರೆ ಎಬ್ಬಿಸುತ್ತದೆ, ತುರಿಕೆ ತಡೆಯಲಾಗುವುದಿಲ್ಲ. ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು 10 ವರ್ಷ ದಾಟಿದ್ದರೆ ಮೊದಲು ಅದು. ಆಮೇಲೆ ಎಲೆಕ್ಟ್ರಾನ್.

ಫಿಸಿಯೋ_ಮೈಸೂರು:
ಮೊದಲ ಹೆಜ್ಜೆಗೇ ನೋವು ಅಂದರೆ ಹೆಚ್ಚಾಗಿ ಪ್ಲಾಂಟಾರ್ ಫೇಸಿಯೈಟಿಸ್, ಅಂಗಾಲಿನಡಿಯ ದಪ್ಪ ಪಟ್ಟಿ ಹಿಮ್ಮಡಿಗೆ ಅಂಟಿರುವ ಜಾಗದ ತೊಂದರೆ. ಒಮ್ಮೆ ತೋರಿಸಿಕೊಳ್ಳಿ. ನೋವು ಜೋರಾಗಿರುವಾಗ ಬರಿಗಾಲು ಬೇಡ, ಅದರಲ್ಲೂ ಮನೆಯ ಗ್ರಾನೈಟ್ ನೆಲದ ಮೇಲೆ ಬೇಡವೇ ಬೇಡ, ಮನೆಯೊಳಗೂ ಮೆತ್ತನೆ ಚಪ್ಪಲಿ ಇರಲಿ. ಮೀನಖಂಡ ಎಳೆಯುವ ವ್ಯಾಯಾಮ ದಿನಾ ಮಾಡಿ. ನೋವು ತಗ್ಗಿದ ಮೇಲೆ ಮೆತ್ತನೆ ಹುಲ್ಲಿನಲ್ಲಿ ಐದು ನಿಮಿಷದಿಂದ ಶುರು ಮಾಡಿ, ವಾರ ವಾರ ಸ್ವಲ್ಪ ಜಾಸ್ತಿ ಮಾಡಿ. ಪಾದ ಗಟ್ಟಿಯಾಗುವುದು ನಿಜ, ಓಟಗಾರರು ಹೇಳಿದ್ದು ಸರಿ. ಊತ, ಬಿಪಿ ಇಳಿಯುತ್ತದೆ ಅನ್ನುವ ಅರ್ಥಿಂಗ್ ಅಧ್ಯಯನಗಳು ಬಹಳ ಚಿಕ್ಕವು, ಅವನ್ನು ನಂಬಿ ಮಾತ್ರೆ ಮಾತ್ರ ಬಿಡಬೇಡಿ.

ಅಮ್ಮನಿಗೆ ಬೇಡ. ಶುಗರ್ ಹಳೆಯದಾದರೆ ಅಂಗಾಲಿನ ಸ್ಪರ್ಶ ಗೊತ್ತಿಲ್ಲದ ಹಾಗೆ ಕಮ್ಮಿಯಾಗಿರುತ್ತದೆ. ಗಾಜು ಚುಚ್ಚಿದ್ದು ರಕ್ತ ನೋಡಿದ ಮೇಲೆ ತಿಳಿಯುತ್ತದೆ. ಮಧ್ಯಾಹ್ನ ದೇವಸ್ಥಾನದ ಕಾದ ಕಲ್ಲಿನ ಮೇಲೆ ಪ್ರದಕ್ಷಿಣೆ ಹಾಕಿ ಬೊಬ್ಬೆ ಎಬ್ಬಿಸಿಕೊಂಡು ಬರುವವರನ್ನು ನಾವು ನೋಡುತ್ತಲೇ ಇರುತ್ತೇವೆ. ಅವರಿಗೆ ಎಂಸಿಆರ್ ಚಪ್ಪಲಿ (ಮೆತ್ತನೆ ರಬ್ಬರ್ ಅಡಿಯದ್ದು) ಕೊಡಿಸಿ, ರಾತ್ರಿ ಮಲಗುವ ಮುಂಚೆ ಅಂಗಾಲು ನೀವೇ ನೋಡಿ.

ಜಯನಗರದವಳು:
ಥ್ಯಾಂಕ್ಸ್ ಎಲ್ಲರಿಗೂ. ಅಮ್ಮನನ್ನು ಒಪ್ಪಿಸುವುದೇ ಕಷ್ಟ, ನೋಡೋಣ. ಆ ಚಾಪೆ ವಿಷಯ ಯಾರೂ ಹೇಳಲಿಲ್ಲ?

ವೈರಿಂಗ್_ಕೆಲಸ:
ಅದು ಪ್ಲಗ್ಗಿನ ಮೇಲಿನ ದೊಡ್ಡ ತೂತಿಗೆ, ಅಂದರೆ ಅರ್ಥ್‌ಗೆ ಸೇರುತ್ತದೆ. ಹಳೇ ಮನೆಗಳಲ್ಲಿ ಆ ತೂತಿನ ಹಿಂದೆ ಎಷ್ಟೋ ಕಡೆ ವೈರೇ ಇರುವುದಿಲ್ಲ. ಇದ್ದರೂ ಅರ್ಥ್ ಸರಿಯಿಲ್ಲದೆ ಗೀಸರ್ ಲೀಕ್ ಆದರೆ ಆ ಕರೆಂಟ್ ಅದೇ ವೈರಿನಲ್ಲಿ ನಿಮ್ಮ ಹಾಸಿಗೆವರೆಗೂ ಬರಬಹುದು. ನಿಮ್ಮ ಗೆಳತಿಗೆ ಮೊದಲು ಮನೆ ಅರ್ಥ್ ಚೆಕ್ ಮಾಡಿಸಿ ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಲು ಹೇಳಿ, ಅಲ್ಲಿಯವರೆಗೆ ಚಾಪೆ ಸುತ್ತಿಡಲಿ.