ಟಸ್ಕನಿಯ ಗುಡ್ಡಗಳಲ್ಲಿ ಕಾಲ್ನಡಿಗೆ: ದಿನಕ್ಕೆ 15 ಕಿ.ಮೀ. ಮೀರದಂತೆ ಸಿಯೆನಾ ತಲುಪಬಹುದೇ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಪತ್ನಿಯೂ ನಿವೃತ್ತ ಶಿಕ್ಷಕರು. ಏಪ್ರಿಲ್ ಕೊನೆಗೆ ಮ್ಯೂನಿಕ್‌ನಲ್ಲಿರುವ ಮಗಳ ಮನೆಗೆ ಹೋಗುವವರಿದ್ದು, ಅಲ್ಲಿಂದ ಮೇ ಮೊದಲ ವಾರದಲ್ಲಿ ಇಟಲಿಯ ಟಸ್ಕನಿಗೆ ಬಂದು, ರೋಮಿಗೆ ಹೋಗುವ ಹಳೆಯ ಯಾತ್ರಾಮಾರ್ಗವಾದ ವಿಯಾ ಫ್ರಾಂಚಿಜೆನಾದಲ್ಲಿ ಸಾನ್ ಜಿಮಿನ್ಯಾನೋದಿಂದ ಸಿಯೆನಾವರೆಗಿನ ಭಾಗವನ್ನು ನಡೆಯಬೇಕೆಂದು ಯೋಚಿಸಿದ್ದೇವೆ. ಕೊಡಚಾದ್ರಿ, ಕುಂದಾದ್ರಿಗಳನ್ನು ಹತ್ತಿ ಅಭ್ಯಾಸವಿದೆಯಾದರೂ ಈಚೆಗೆ ಇಳಿಜಾರಿನಲ್ಲಿ ಪತ್ನಿಯ ಮೊಣಕಾಲು ನೋಯುತ್ತದೆ. ಮಾರ್ಗದ ಅಧಿಕೃತ ಪಟ್ಟಿಯಲ್ಲಿ ಒಂದು ಹಂತ 30 ಕಿ.ಮೀ. ಎಂದು ಕಂಡು ಹಿಂಜರಿಕೆಯಾಗಿದೆ. ಕಾರು ಬಾಡಿಗೆಗೆ ಪಡೆಯುವ ವಿಚಾರವಿಲ್ಲ. ನಾವಿಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಆ ದಾರಿಯಲ್ಲಿ ನಡೆದವರು ತಿಳಿಸಿದರೆ ಉಪಕಾರವಾಗುತ್ತದೆ.

ಅರ್ನೋದಂಡೆ:

ನಮಸ್ಕಾರ ಸರ್. ಉದ್ಯೋಗದ ನಿಮಿತ್ತ ಫ್ಲಾರೆನ್ಸಿನಲ್ಲಿ ನೆಲೆಸಿರುವುದರಿಂದ ಈ ದಾರಿಯನ್ನು ರಜಾದಿನಗಳಲ್ಲಿ ತುಂಡುತುಂಡಾಗಿ ನಡೆದು ಬಲ್ಲೆ. ನೀವು ಹೇಳಿದ 30 ಕಿ.ಮೀ. ಹಂತ ಸಾನ್ ಜಿಮಿನ್ಯಾನೋದಿಂದ ಮೊಂತೆರಿಜ್ಜೋನಿಯವರೆಗಿನದು. ಅದನ್ನು ಒಂದೇ ದಿನದಲ್ಲಿ ಮುಗಿಸಬೇಕೆಂಬ ಕಟ್ಟಳೆಯೇನೂ ಇಲ್ಲ. ನಡುವೆ ಕೊಲ್ಲೆ ದಿ ವಾಲ್ ದೆಲ್ಸಾ ಎಂಬ ಊರಿದೆ. ಅಲ್ಲಿ ರಾತ್ರಿ ತಂಗಿದರೆ ಹಂತ ಸರಿಸುಮಾರು ಎರಡು ಸಮಭಾಗವಾಗುತ್ತದೆ. ಸಾನ್ ಜಿಮಿನ್ಯಾನೋದ ಗೋಪುರಗಳನ್ನು ನೋಡಿ ಸಿಯೆನಾಕ್ಕೆ ಬಸ್ಸಿನಲ್ಲಿ ಹಾರಿಬಿಡುವ ಪ್ರವಾಸಿಗರು ಈ ಊರನ್ನು ತಿರುಗಿಯೂ ನೋಡುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇಡೀ ದಾರಿಯಲ್ಲಿ ನಿಲ್ಲಲು ಯೋಗ್ಯವಾದ ಜಾಗ ಅದೇ.

ಕಾರಣ ಎಲ್ಸಾ ನದಿ. ಊರಿನ ದಕ್ಷಿಣಕ್ಕಿರುವ ಗ್ರಾಚಾನೋದ ಬಳಿ ಬುಗ್ಗೆಗಳ ನೀರು ಬಂದು ಸೇರುವವರೆಗೆ ಈ ಹೊಳೆ ಎಷ್ಟು ಬಡಕಲೆಂದರೆ, ಸ್ಥಳೀಯರು ಮೇಲಿನ ಭಾಗವನ್ನು ಸತ್ತ ಎಲ್ಸಾ, ಕೆಳಗಿನದನ್ನು ಜೀವಂತ ಎಲ್ಸಾ ಎಂದೇ ಕರೆಯುತ್ತಾರೆ. ಬುಗ್ಗೆಯ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿರುವುದರಿಂದ ಬಣ್ಣ ಹಾಲು ಬೆರೆಸಿದ ಹಸಿರುನೀಲಿ. ಸಾನ್ ಮಾರ್ಜಿಯಾಲೆ ಸೇತುವೆಯಿಂದ ಸ್ಪುನ್ಯಾ ಸೇತುವೆಯ ಕಡೆಗೆ ನದಿಗುಂಟ ಸೆಂತಿಯೆರೆಲ್ಸಾ ಎಂಬ ಕಾಲುದಾರಿಯಿದೆ. ಅದು ನಾಲ್ಕಾರು ಕಿಲೋಮೀಟರಿನೊಳಗಿನದು, ಬಹುತೇಕ ನೆರಳಿನಲ್ಲಿಯೇ ಸಾಗುತ್ತದೆ. ಕೆಲವೆಡೆ ಒಂದು ದಡದಿಂದ ಇನ್ನೊಂದಕ್ಕೆ ನೀರಿನಲ್ಲಿ ನಿಲ್ಲಿಸಿದ ಕಲ್ಲುಗಳ ಮೇಲೆ, ಪಕ್ಕದಲ್ಲಿ ಕಟ್ಟಿರುವ ಹಗ್ಗ ಹಿಡಿದುಕೊಂಡು ದಾಟಬೇಕು. ಆ ಕಲ್ಲುಗಳ ಅಂಚು ಪಾಚಿಗಟ್ಟಿರುವುದರಿಂದ ಮೇಡಂ ಅವರು ಊರುಗೋಲು ಒಯ್ಯುವುದು ಒಳಿತು. ಹಿಂದಿನ ದಿನ ಜೋರು ಮಳೆಯಾಗಿದ್ದರೆ ಆ ದಾರಿಗೆ ಇಳಿಯಲೇಬೇಡಿ. ದಿಬೊರಾತೋ ಎಂಬ ಜಲಪಾತವೂ ಇದರಲ್ಲೇ ಸಿಗುತ್ತದೆ. ಜೋಗವನ್ನು ಕಂಡವರಿಗೆ ಅದು ತೊರೆಯೊಂದರ ಜಿಗಿತವಷ್ಟೆ, ಆದರೆ ಅದರ ಬುಡದ ಮಡು ಆಳವಾಗಿದೆ.

ಮಧ್ಯಯುಗದಲ್ಲಿ ಈ ನದಿಯಿಂದ ‘ಗೋರೆ’ ಎಂಬ ಕಾಲುವೆಗಳನ್ನು ತೆಗೆದು ಗಿರಣಿಗಳನ್ನೂ ಕಾಗದದ ಕಾರ್ಖಾನೆಗಳನ್ನೂ ನಡೆಸುತ್ತಿದ್ದರು. ಅವುಗಳ ಕುರುಹು ಈಗಲೂ ಊರೊಳಗೆ ಕಾಣುತ್ತದೆ. ಹಳೆಯ ಊರು ದಿಬ್ಬದ ಮೇಲಿದ್ದು, ಕೆಳಪೇಟೆಯಿಂದ ಅಲ್ಲಿಗೆ ಸಾರ್ವಜನಿಕ ಲಿಫ್ಟ್ ಇದೆಯಾದ್ದರಿಂದ ಮೊಣಕಾಲಿನ ಚಿಂತೆ ಬೇಡ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಗೆರಿಕ್ 990ರಲ್ಲಿ ರೋಮಿನಿಂದ ಮರಳುವಾಗ ಬರೆಸಿದ ತಂಗುದಾಣಗಳ ಪಟ್ಟಿಯಲ್ಲಿ ಸಾನ್ ಜಿಮಿನ್ಯಾನೋದ ಜೊತೆಗೆ ಎಲ್ಸಾದ ಹೆಸರೂ ಇದೆ. ಇಂದಿನ ವಿಯಾ ಫ್ರಾಂಚಿಜೆನಾವನ್ನು ಗುರುತಿಸಿರುವುದು ಆ ಪಟ್ಟಿಯ ಆಧಾರದ ಮೇಲೆಯೇ.

ಎತ್ತರದ ಬಗ್ಗೆ ಒಂದು ಮಾತು. ಸಾನ್ ಜಿಮಿನ್ಯಾನೋ, ಸಿಯೆನಾ ಎರಡೂ 300 ಮೀಟರಿಗೆ ತುಸು ಮೇಲಿವೆ, ಅಷ್ಟೆ. ಇಲ್ಲಿ ದಣಿಸುವುದು ಎತ್ತರವಲ್ಲ. ದ್ರಾಕ್ಷಿತೋಟವೊಂದರ ಅಂಚಿನಲ್ಲಿ ಇಳಿದು, ತೊರೆ ದಾಟಿ, ಆಲಿವ್ ಮರಗಳ ನಡುವೆ ಮತ್ತೆ ಹತ್ತುವುದು ದಿನವಿಡೀ ಮರುಕಳಿಸುತ್ತದೆ, ನೆರಳು ವಿರಳ. ಮಲೆನಾಡಿನಂತೆ ಕಾಡಿನೊಳಗೆ ನಡೆಯುತ್ತೇವೆಂದು ಎಣಿಸಿ ಬಂದವರು ಟೋಪಿಯಿಲ್ಲದೆ ಬಸವಳಿಯುತ್ತಾರೆ. ಜೇಡಿಮಣ್ಣಿನ ನೆಲವಾದ್ದರಿಂದ ಮಳೆ ಬಿದ್ದ ಮರುದಿನ ಬೂಟಿನ ಅಡಿಗೆ ಕೆಸರು ಹತ್ತಿ, ಕಾಲು ಎತ್ತಿಡುವುದೇ ಒಂದು ಕೆಲಸವಾಗುತ್ತದೆ.

ಮೊಂತೆರಿಜ್ಜೋನಿಯಿಂದ ಸಿಯೆನಾಕ್ಕೆ ಸುಮಾರು 20 ಕಿ.ಮೀ. ಆಗುತ್ತದೆ. ನಿಮ್ಮ ಮಿತಿಗೆ ಅದು ಹೆಚ್ಚು. ನಗರ ಸಮೀಪಿಸಿದ ಮೇಲಿನ ನಡಿಗೆಯಲ್ಲಿ ಸ್ವಾರಸ್ಯ ಕಡಿಮೆಯಾದ್ದರಿಂದ ಅಲ್ಲಿ ಬಸ್ಸು ಹಿಡಿದರೆ ಏನೂ ಕಳೆದುಕೊಂಡಂತಾಗುವುದಿಲ್ಲ. ಆದರೆ ಮೇ 1 ಇಲ್ಲಿ ಕಾರ್ಮಿಕರ ದಿನದ ರಜೆ, ಹಳ್ಳಿಗಳ ಬಸ್ಸು ಬಹುಮಟ್ಟಿಗೆ ಓಡುವುದಿಲ್ಲ, ಭಾನುವಾರಗಳಲ್ಲಿಯೂ ವಿರಳ. ನಡಿಗೆಯ ಮೊದಲ ದಿನವನ್ನು ಮೇ 2ರ ನಂತರಕ್ಕೆ ಇಟ್ಟುಕೊಳ್ಳಿ.

ಹೆಜ್ಜೆಗುರುತು:

ಮೇಲಿನವರ ಮಾಹಿತಿ ಅಚ್ಚುಕಟ್ಟಾಗಿದೆ, ಆದರೆ ನಾನು ಭಿನ್ನ ಸಲಹೆ ಕೊಡುತ್ತೇನೆ. ಒಂದೇ ವಾರ ಇರುವುದಾದರೆ ಸಿಯೆನಾದ ದಕ್ಷಿಣಕ್ಕಿರುವ ವಾಲ್ ದೋರ್ಚಾ ಕಣಿವೆಗೆ ಹೋಗಿ. 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಪ್ರದೇಶವದು, ಮೇ ತಿಂಗಳಲ್ಲಿ ಗೋಧಿ ಹಸಿರಾಗಿರುತ್ತದೆ. ಸಾನ್ ಕ್ವಿರಿಕೋದಲ್ಲಿ ಕೋಣೆ ಹಿಡಿದರೆ ಗಂಟುಮೂಟೆ ಹೊರದೆ ದಿನಕ್ಕೊಂದು ದಿಕ್ಕಿಗೆ ನಡೆದು ಮರಳಬಹುದು. ಅಲ್ಲಿಂದ ಬಾನ್ಯೋ ವಿನ್ಯೋನಿ ಆರೇಳು ಕಿ.ಮೀ. ಒಳಗೇ ಇದೆ. ಆ ಊರಿನ ನಡುಚೌಕವೇ ಬಿಸಿನೀರಿನ ಪುಷ್ಕರಣಿ! ಅದರಲ್ಲಿ ಇಳಿಯಲು ಅನುಮತಿಯಿಲ್ಲ, ಆದರೆ ಆ ನೀರು ಹರಿದು ಬಂದು ಓರ್ಚಾ ನದಿಯತ್ತ ಇಳಿಯುವ ಜಾಗದಲ್ಲಿ, ಬಂಡೆಯಲ್ಲಿ ಕೊರೆದ ಹಳೆಯ ಗಿರಣಿಗಳನ್ನು ನಡೆದೇ ನೋಡಬಹುದು.

ಅರ್ನೋದಂಡೆ:

ಕಣಿವೆಯ ಸೌಂದರ್ಯದ ಬಗ್ಗೆ ತಕರಾರಿಲ್ಲ. ಆದರೆ ಸಾನ್ ಕ್ವಿರಿಕೋದಲ್ಲಿ ರೈಲು ನಿಲ್ದಾಣವಿಲ್ಲ, ಸಿಯೆನಾದಿಂದ ಬಸ್ಸನ್ನೇ ನೆಚ್ಚಬೇಕು. ಮೊಣಕಾಲು ಮುಷ್ಕರ ಹೂಡಿದ ದಿನ ಮರಳುವುದು ಕಷ್ಟ. ಎಲ್ಸಾ ಕಣಿವೆಯಲ್ಲಿ ಪೊಜ್ಜಿಬೊನ್ಸಿಯ ರೈಲು ನಿಲ್ದಾಣ ಹತ್ತಿರವಿದ್ದು ಫ್ಲಾರೆನ್ಸಿಗೂ ಸಿಯೆನಾಕ್ಕೂ ಸಂಪರ್ಕವಿದೆ. ಕಾರಿಲ್ಲದವರಿಗೆ ನನ್ನ ಮತ ಇದಕ್ಕೇ.

ಸಾಸಿವೆಡಬ್ಬಿ:

ಊಟದ ವಿಷಯವನ್ನು ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಟಸ್ಕನಿಯ ಬಡವರ ಅಡಿಗೆಯಲ್ಲಿ ಕಾಳು, ಸೊಪ್ಪು, ಒಣಗಿದ ಬ್ರೆಡ್ಡೇ ಪ್ರಧಾನವಾದ್ದರಿಂದ ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ಮೊಟ್ಟೆ ಬಿಡುವವರು ಮಾತ್ರ ಎಚ್ಚರದಿಂದಿರಬೇಕು, ಏಕೆಂದರೆ ತಾಜಾ ಪಾಸ್ತಾಕ್ಕೆ ಸಾಮಾನ್ಯವಾಗಿ ಮೊಟ್ಟೆ ಹಾಕಿ ಕಲಸುತ್ತಾರೆ. ಸಿಯೆನಾ ಸುತ್ತಲಿನ ‘ಪಿಚಿ’ ಎಂಬ ದಪ್ಪ ಶ್ಯಾವಿಗೆಯನ್ನು ವಾಡಿಕೆಯಲ್ಲಿ ಬರೀ ಹಿಟ್ಟು ನೀರಿನಿಂದ ಹೊಸೆಯುತ್ತಾರೆ. ಟೊಮೇಟೊ, ಬೆಳ್ಳುಳ್ಳಿಯ ಗೊಜ್ಜಿನೊಂದಿಗೆ ಅದು ಸೊಗಸಾಗಿರುತ್ತದೆ. ಆದರೂ ‘ಸೆಂತ್ಸಾ ವೋವಾ’, ಅಂದರೆ ಮೊಟ್ಟೆಯಿಲ್ಲದೆ, ಎಂದು ಹೇಳಿ ಖಚಿತಪಡಿಸಿಕೊಳ್ಳಿ. ರಿಬೊಲ್ಲೀತಾ ಎಂಬ ಸೊಪ್ಪು-ಕಾಳಿನ ಸಾರಿಗೆ ಕೆಲವರು ಹಂದಿಮಾಂಸದ ತುಣುಕು ಹಾಕುವುದುಂಟು, ಅದನ್ನೂ ಕೇಳಿ. ಪಾರ್ಮೆಜಾನ್ ಚೀಸನ್ನು ಕರುವಿನ ಜಠರದಿಂದ ತೆಗೆದ ರೆನೆಟ್ ಹಾಕಿಯೇ ಮಾಡುತ್ತಾರಾದ್ದರಿಂದ ಅದನ್ನು ತುರಿದು ಉದುರಿಸುವ ಮುನ್ನವೇ ಬೇಡವೆನ್ನಿ.

ಇಲ್ಲಿನ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಮಾವಿನಮಿಡಿ ಉಪ್ಪಿನಕಾಯಿಯ ಪುಟ್ಟ ಡಬ್ಬಿ ಚೀಲದಲ್ಲಿರಲಿ, ಮಧ್ಯಾಹ್ನದ ಬುತ್ತಿಗೆ ಅದಕ್ಕಿಂತ ಒಳ್ಳೆಯ ಜೊತೆ ಸಿಗದು. ಹಳ್ಳಿಯ ಅಂಗಡಿಗಳು ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕುತ್ತವೆ, ರಾತ್ರಿಯ ಊಟ ಏಳೂವರೆಗೆ ಮುಂಚೆ ದೊರೆಯುವುದು ಕಷ್ಟ. ಹಾಗಾಗಿ ಖರೀದಿಯನ್ನು ಬೆಳಿಗ್ಗೆಯೇ ಮುಗಿಸಿ. ನಲ್ಲಿಯ ಮೇಲೆ ‘ನೊನ್ ಪೊತಾಬಿಲೆ’ ಎಂದಿದ್ದರೆ ಆ ನೀರು ಕುಡಿಯಲು ತಕ್ಕುದಲ್ಲ.

ತುಂಗಾತೀರ:

ಎಲ್ಲರಿಗೂ ಧನ್ಯವಾದಗಳು. ಪತ್ನಿಯೊಂದಿಗೆ ಚರ್ಚಿಸಿ ಕೊಲ್ಲೆಯಲ್ಲಿ ಎರಡು ರಾತ್ರಿ ತಂಗಿ, ಒಂದು ದಿನವನ್ನು ನದಿಯ ದಾರಿಗೇ ಮೀಸಲಿಡುವುದೆಂದು ತೀರ್ಮಾನಿಸಿದ್ದೇವೆ. ವಾಲ್ ದೋರ್ಚಾವನ್ನು ಮಗಳು ಜೊತೆಗೂಡುವ ಇನ್ನೊಂದು ವರ್ಷಕ್ಕೆ ಬಿಟ್ಟಿದ್ದೇವೆ. ದೊಡ್ಡ ಚೀಲಗಳನ್ನು ಊರಿಂದೂರಿಗೆ ಹೊರದೆ ಸಾಗಿಸುವ ವ್ಯವಸ್ಥೆ ಏನಾದರೂ ಇದೆಯೇ?

ಅರ್ನೋದಂಡೆ:

ಇದೆ ಸರ್. ಈ ಮಾರ್ಗದಲ್ಲಿ ಹಣ ಪಡೆದು ಚೀಲಗಳನ್ನು ಮುಂದಿನ ತಂಗುದಾಣಕ್ಕೆ ಮುಟ್ಟಿಸುವವರಿದ್ದಾರೆ. ಕೋಣೆ ಕಾದಿರಿಸುವಾಗಲೇ ವಸತಿಗೃಹದವರನ್ನು ವಿಚಾರಿಸಿದರೆ ಅವರೇ ಗೊತ್ತುಮಾಡಿಕೊಡುತ್ತಾರೆ. ಪಾಸ್‌ಪೋರ್ಟು, ಔಷಧಿ, ಮಳೆಯಂಗಿ ಮಾತ್ರ ನಿಮ್ಮ ಬೆನ್ನ ಮೇಲೇ ಇರಲಿ. ಪಾಸ್‌ಪೋರ್ಟನ್ನು ಪ್ರತಿ ವಸತಿಯಲ್ಲಿಯೂ ತೋರಿಸಿ ದಾಖಲು ಮಾಡಿಸಬೇಕಾಗುತ್ತದೆ.